ಒತ್ತು ಕಳಚಿದ ಅಕ್ಕಲಕೋಟೆ

ಪ್ರಾತಃಕಾಲದಲ್ಲಿ ಮನುಷ್ಯನ ಚಿತ್ತಸ್ವಾಸ್ಥ್ಯವನ್ನು ಕೆಡಿಸುವುದಕ್ಕೆ ಮಹತ್ತರವಾದ ಕಾರಣಗಳೇನೂ ಬೇಕಾಗಿಲ್ಲವೆಂಬುದು ತಿಳಿದ ವಿಷಯವೇ ಆದರೂ, ಕಪ್ಪು ತೆರೆಯ ಮೇಲೆ ಮೂಡಿದ ಮೂರು ಸಾಲುಗಳು ಈ ದಿನ ನನ್ನ ಚಹಾದ ರುಚಿಯನ್ನೇ ಅಪಹರಿಸಿಬಿಟ್ಟುವು. ರಜೆಗೆಂದು ಅಕ್ಕಲಕೋಟೆಯಿಂದ ಬಂದಿರುವ ನನ್ನ ಅಣ್ಣನ ಮಗನು, ಸೊಲ್ಲಾಪುರದ ನಮ್ಮ ಮನೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರಿನ ಒಂದೇ ಡಿಸ್ಕಿನ ಮೇಲೆ ಡೆಬಿಯನ್, ಉಬುಂಟು, ಫೆಡೋರಾ ಎಂಬ ಮೂರು ಲಿನಕ್ಸುಗಳನ್ನು ಹೂಡಿ, ಯಂತ್ರವು ಕಣ್ದೆರೆದೊಡನೆ ಇವುಗಳಲ್ಲಿ ಯಾವುದು ಬೇಕೆಂದು ವಿಚಾರಿಸುವ ಗ್ರಬ್ ಎಂಬ ದ್ವಾರಪಾಲಕನನ್ನು ನಿಲ್ಲಿಸಿದ್ದನು. ಆ ದ್ವಾರಪಾಲಕನ ಪಟ್ಟಿಯಲ್ಲಿದ್ದ ಆವೃತ್ತಿಸಂಖ್ಯೆಗಳ ಸರಮಾಲೆ ನನಗೆ ರುಚಿಸದಿದ್ದುದರಿಂದ, ಮೂರಕ್ಕೂ ನಮ್ಮ ಸೀಮೆಯ ಹೆಸರುಗಳನ್ನು ಕನ್ನಡದಲ್ಲಿ ಕೊಡೆಂದು ನಾನು ಹೇಳಿದೆ: ಸೊಲ್ಲಾಪುರ, ಅಕ್ಕಲಕೋಟೆ, ದುಧನಿ. ಹುಡುಗ ಹಾಗೆಯೇ ಮಾಡಿದ. ತೆರೆಯ ಮೇಲೆ ಮೂಡಿದುದು ‘ಸೊಲ್‌ಲಾಪುರ’, ‘ಅಕ್‌ಕಲಕೋಟೆ’. ದುಧನಿಗೆ ಒತ್ತಿಲ್ಲದಿದ್ದರೂ ಕೊಂಬು ಗುಡಿಸುಗಳು ತಮ್ಮ ಅಕ್ಷರಗಳೊಡನೆ ಮಾತು ಬಿಟ್ಟವರಂತೆ ದೂರ ಸರಿದು ನಿಂತಿದ್ದುವು.

“ಕಾಕಾ, ಇಂಗ್ಲಿಷಿನ್ಯಾಗ ಬರದ್ರ ಮುಗೀತು. ಐದ ಸೆಕೆಂಡ ಕಾಣಸ್ತದ, ಯಾರ ನೋಡತಾರ?” ಎಂದನು ಹುಡುಗ. ನಾನು ನೋಡುತ್ತೇನೆ ಎಂದೆ.

ಇಂಥ ವ್ಯವಸ್ಥೆಯನ್ನು ರಚಿಸಿಕೊಳ್ಳುವ ಬಗೆಯನ್ನು ಕುರಿತು ಇಲ್ಲಿ ವಿಸ್ತರಿಸುವ ಅಗತ್ಯ ಕಾಣದು. ಜಿಪಿಟಿ ಎಂಬ ವಿಭಜನಾ ಪದ್ಧತಿಯ ಡಿಸ್ಕಿನಲ್ಲಿ ಸಾಮಾನ್ಯವಾಗಿ 128 ವಿಭಾಗಗಳಿಗೆ ಆಸ್ಪದವಿರುವುದರಿಂದ ಸ್ಥಳಕ್ಕಾಗಿ ಜಗಳ ಹುಟ್ಟುವಂತಿಲ್ಲ. ಯುಇಎಫ್‌ಐ ಎಂಬ ಆರಂಭಿಕ ತಂತ್ರಾಂಶವಿರುವ ಯಂತ್ರಗಳಲ್ಲಿ ಒಂದೇ ಪುಟ್ಟ ವಿಭಾಗದೊಳಗೆ ಪ್ರತಿಯೊಂದು ಲಿನಕ್ಸೂ ತನ್ನ ಹೆಸರಿನ ಫೋಲ್ಡರ್ ಮಾಡಿಕೊಂಡು ತನ್ನ ಪಾಡಿಗೆ ಇರುತ್ತದೆ. ಹೋಮ್ ಫೋಲ್ಡರನ್ನು ಮಾತ್ರ ಮೂವರಿಗೂ ಹಂಚಬಾರದು, ಒಬ್ಬನ ಸೆಟಿಂಗನ್ನು ಮತ್ತೊಬ್ಬನು ಕೆಡಿಸುತ್ತಾನೆ. ಬರೆಹ, ಚಿತ್ರ, ಹಾಡುಗಳಿಗೆ ಬೇರೆಯೇ ಒಂದು ವಿಭಾಗವನ್ನಿಟ್ಟರೆ ಸಾಕು. 2021ರಲ್ಲಿ ಬಂದ 2.06ನೆಯ ಆವೃತ್ತಿಯಿಂದೀಚೆಗೆ ಗ್ರಬ್ ತಾನಾಗಿಯೇ ನೆರೆಹೊರೆಯ ವ್ಯವಸ್ಥೆಗಳನ್ನು ಹುಡುಕುವುದನ್ನು ನಿಲ್ಲಿಸಿರುವುದರಿಂದ, ಆ ಹುಡುಕಾಟ ನಡೆಸುವ ಓಎಸ್-ಪ್ರೋಬರಿಗೆ ಅನುಮತಿಯನ್ನು ಅದರ ಸೆಟಿಂಗ್ ಕಡತದಲ್ಲಿ ಬರೆದುಕೊಡಬೇಕಾಗುತ್ತದೆ. ಇವೆಲ್ಲ ಹುಡುಗರು ಬಲ್ಲ ವಿದ್ಯೆ.

ನನ್ನ ವ್ಯಥೆ ಒತ್ತಕ್ಷರದ್ದು. ಕನ್ನಡದ ಅಕ್ಷರಗಳು ದುಂಡಗಿವೆಯೆಂದು ಹೊಗಳುವವರು ಬಹುಮಂದಿ. ಆದರೆ ಒಂದು ವ್ಯಂಜನವು ಮತ್ತೊಂದರ ಪಾದದ ಬಳಿ ತನ್ನ ಆಕಾರವನ್ನು ಸಂಕ್ಷೇಪಿಸಿಕೊಂಡು ಕುಳಿತುಕೊಳ್ಳುವ ಆ ವಿನಯವನ್ನು ಹೊಗಳುವವರು ವಿರಳ. ಅಚ್ಚಿನ ಮೊಳೆಗಳ ಕಾಲದಲ್ಲಿ ಮೊಳೆ ಜೋಡಿಸುವವನು ಆ ಒತ್ತುಗಳನ್ನು ಬೇರೆ ಮನೆಗಳಿಂದ ಆಯ್ದು ಕೂಡಿಸುತ್ತಿದ್ದನು. ಅನಂತಸುಬ್ಬರಾಯರು ಕನ್ನಡಕ್ಕೆ ಬೆರಳಚ್ಚು ಯಂತ್ರವನ್ನು ರೂಪಿಸಿದಾಗ ಇಷ್ಟೊಂದು ಒತ್ತುಗಳನ್ನು ಕೆಲವೇ ಕೀಲಿಗಳಲ್ಲಿ ಅಡಗಿಸುವ ಸಂಕಟ ಅವರ ಪಾಲಿಗೆ ಬಂದಿತು. ಯೂನಿಕೋಡಿನ ಕಾಲದಲ್ಲಿ ಈ ‘ಕ್ಕ’ ಎಂಬುದು ಯಂತ್ರದ ಸ್ಮರಣೆಯೊಳಗೆ ಕಕಾರ, ಹಲಂತಚಿಹ್ನೆ, ಮತ್ತೊಂದು ಕಕಾರ ಎಂಬ ಮೂರು ತುಂಡುಗಳಾಗಿ ಮಲಗಿರುತ್ತದೆ. ಅವನ್ನು ಎಬ್ಬಿಸಿ ಒಂದು ಮಾಡುವ ಕೆಲಸ ಹಾರ್ಫ್‌ಬಜ್ ಎಂಬ ತಂತ್ರಾಂಶಕ್ಕೂ ಲೋಹಿತ್, ನೋಟೋ ಮೊದಲಾದ ಫಾಂಟುಗಳಿಗೂ ಸೇರಿದ್ದು. ಆದರೆ ಗ್ರಬ್ ಕೆಲಸಕ್ಕೆ ನಿಲ್ಲುವ ಹೊತ್ತಿನಲ್ಲಿ ಇವರಾರೂ ಎದ್ದಿರುವುದಿಲ್ಲ. ಅದರ ಕೈಯಲ್ಲಿರುವುದು ಹದಿನಾರು ಚುಕ್ಕೆ ಎತ್ತರದ ಚೌಕಗಳಲ್ಲಿ ಒಂದೊಂದೇ ಅಕ್ಷರವನ್ನು ಕೂರಿಸಿದ ಯೂನಿಫಾಂಟ್. ಗ್ರಬ್ಬಿನ ಹೊಸ್ತಿಲು ದಾಟಿದ ಮೇಲೆ ಸಿಗುವ ಲಿನಕ್ಸಿನ ಅಕ್ಷರಮಾತ್ರ ತೆರೆಯಾದರೂ ಉದಾರಿಯೆಂದುಕೊಳ್ಳಬೇಡಿ: ಅಲ್ಲಿ ಏಕಕಾಲಕ್ಕೆ 512ಕ್ಕಿಂತ ಹೆಚ್ಚು ಆಕೃತಿಗಳಿಗೆ ಎಡೆಯಿಲ್ಲ, ಒತ್ತಿನ ಮಾತಂತೂ ದೂರ.

ಒತ್ತಿಲ್ಲದ ಹೆಸರನ್ನಿಟ್ಟರಾಯಿತೆಂದು ಹುಡುಕಹೊರಟರೆ ಸೊಲ್ಲಾಪುರದ ಪ್ರಾಚೀನನಾಮವಾದ ಸೊನ್ನಲಿಗೆಯಲ್ಲಿ ಒತ್ತು. ಆ ಸೊನ್ನಲಿಗೆಯನ್ನು ಹನ್ನೆರಡನೆಯ ಶತಮಾನದಲ್ಲಿ ಪುಣ್ಯಕ್ಷೇತ್ರವಾಗಿಸಿದ ಸಿದ್ಧರಾಮನಲ್ಲಿ ಒತ್ತು. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಒತ್ತು. ಕನ್ನಡ ಎಂಬಲ್ಲಿಯೇ ಒತ್ತು ಕುಳಿತಿದೆ. ಅಪ್ಪ, ಅವ್ವ, ಅಜ್ಜ, ಅಣ್ಣ, ಅಕ್ಕ, ತಮ್ಮ, ಎಲ್ಲರೂ ಒತ್ತಿನವರೇ. ನಮ್ಮ ಸೀಮೆಯ ಬಂಧುವರ್ಗದಲ್ಲಿ ಒತ್ತಿನ ಹಂಗಿಲ್ಲದೆ ಪಾರಾಗುವವರಲ್ಲಿ ಮರಾಠಿಯಿಂದ ಬಂದು ನಮ್ಮ ಮನೆಗಳಲ್ಲಿ ನೆಲಸಿದ ಕಾಕಾ ಒಬ್ಬನು. ಅವನಿಗೂ ದೀರ್ಘದ ತೊಡಕು ತಪ್ಪದು.

ಪಕ್ಕದ ಮನೆಯ ಮರಾಠಿ ಗೃಹಸ್ಥರು ಈ ವೇಳೆಗೆ ಚಹಾಕ್ಕೆ ಬಂದಿದ್ದರು. ಅವರ ಕುತೂಹಲಕ್ಕೆಂದು ಹುಡುಗನು ಅದೇ ಅಕ್ಕಲಕೋಟೆಯನ್ನು ದೇವನಾಗರಿಯಲ್ಲಿ ಬರೆದು ತೋರಿಸಲಾಗಿ, ಅವರ ಜೋಡಕ್ಷರವೂ ನಮ್ಮದರಂತೆಯೇ ಮುರಿದುಬಿದ್ದಿತು. 1967ರಲ್ಲಿ ಎರಡು ರಾಜ್ಯಗಳ ಗಡಿವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗವು ಅಕ್ಕಲಕೋಟೆ ಕನ್ನಡನಾಡಿಗೆ ಸಲ್ಲಬೇಕೆಂದಿತು, ಮಹಾರಾಷ್ಟ್ರ ಆ ವರದಿಯನ್ನು ಒಪ್ಪಲಿಲ್ಲ. ಆ ಬಳಿಕ ಎರಡು ಭಾಷೆಗಳಿಗೂ ಗ್ರಬ್ಬಿನಷ್ಟು ನಿಷ್ಪಕ್ಷಪಾತವಾಗಿ ಅನ್ಯಾಯವನ್ನು ಮಾಡಿದವರು ಮತ್ತೊಬ್ಬರಿರಲಾರರು. ಗೃಹಸ್ಥರು ನಕ್ಕು, ಶೇಂಗಾ ಚಟ್ನಿಯ ಪುಡಿಯನ್ನು ಕಡಕ್ ಭಾಕ್ರಿಯ ಮೇಲೆ ಉದುರಿಸಿಕೊಂಡರು.

ಈ ಊರಿನಲ್ಲಿ ಕನ್ನಡಕ್ಕಾಗಿ ಹಂಬಲಿಸಿದವರು ಸಾಮಾನ್ಯರಲ್ಲ. 1950ರಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಗಳ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನೆರೆದದ್ದು ಇದೇ ಸೊಲ್ಲಾಪುರದಲ್ಲಿ. 1974ರ ಮಂಡ್ಯ ಸಮ್ಮೇಳನದ ಪೀಠವನ್ನೇರಿ ಆ ಪೀಠದ ಪ್ರಥಮ ಮಹಿಳೆಯೆನಿಸಿದ ಜಯದೇವಿತಾಯಿ ಲಿಗಾಡೆಯವರು ಈ ಊರಿನ ಮಗಳು, ಸಿದ್ಧರಾಮನ ಪುರಾಣವನ್ನು ಕನ್ನಡದಲ್ಲಿ ಹಾಡಿದವರು. ಅಕ್ಕಲಕೋಟೆಯ ಕನ್ನಡ ಶಾಲೆಗಳ ಮಕ್ಕಳು ಪುಣೆಯ ಬಾಲಭಾರತಿ ಅಚ್ಚುಮಾಡುವ ಕನ್ನಡ ಪುಸ್ತಕಗಳನ್ನೇ ಇಂದಿಗೂ ಓದುತ್ತಾರೆ. ಪುಸ್ತಕವೆಂದೊಡನೆ ನೆನಪಾಯಿತು: ಮಗುವಿಗೆ ಮೊದಲು ಕಲಿಸುವುದು ಕಾಗುಣಿತವೂ ಒತ್ತೂ ಇಲ್ಲದ ಅರಸ, ಅಗಸ, ಬಸವ, ಕಮಲಗಳನ್ನು, ಒತ್ತಕ್ಷರದ ಸರದಿ ಬರುವುದು ಬಹಳ ತಡವಾಗಿ. ಈ ನ್ಯಾಯದಿಂದ ನೋಡಿದರೆ 1995ರಲ್ಲಿ ಹುಟ್ಟಿ, ಪ್ರಾಪ್ತವಯಸ್ಕನಾಗಿ, ಲೋಕದ ಲೆಕ್ಕವಿಲ್ಲದಷ್ಟು ಯಂತ್ರಗಳನ್ನು ಎಬ್ಬಿಸುತ್ತಿರುವ ಗ್ರಬ್, ಕನ್ನಡದಲ್ಲಿ ಇನ್ನೂ ಒಂದನೆಯ ಪಾಠವನ್ನು ದಾಟಿಲ್ಲ.

ಆದಕಾರಣ ಸದ್ಯಕ್ಕೆ ನಮ್ಮ ಪಟ್ಟಿಯಲ್ಲಿ ಅರಸ, ಬಸವ, ಕಮಲ ಎಂಬ ಮೂವರು ವಿರಾಜಿಸುತ್ತಿದ್ದಾರೆ. ಆದರೆ ಗ್ರಬ್ ಯಾರೊಬ್ಬರ ಸ್ವತ್ತೂ ಅಲ್ಲ. ಅದರ ಮೂಲಬರೆಹವನ್ನು ಓದುವುದಕ್ಕೆ, ತಿದ್ದುವುದಕ್ಕೆ, ತಿದ್ದಿದುದನ್ನು ಹಂಚುವುದಕ್ಕೆ ಜಿಪಿಎಲ್ ಲೈಸೆನ್ಸು ಎಲ್ಲರಿಗೂ ಅಧಿಕಾರವನ್ನಿತ್ತಿದೆ, ಯಾವ ಆಯೋಗದ ಶಿಫಾರಸನ್ನೂ ಕಾಯಬೇಕಾಗಿಲ್ಲ. ಕಂಪ್ಯೂಟರ್ ವಿದ್ಯೆಯನ್ನು ಓದುತ್ತಿರುವ ಕನ್ನಡದ ಹುಡುಗಹುಡುಗಿಯರಲ್ಲಿ ಯಾರಾದರೂ ಇದನ್ನು ಕೈಗೆತ್ತಿಕೊಂಡು, ಮೊದಲು ಒಂದು ‘ಕ್ಕ’ವನ್ನಾದರೂ ಕೂಡಿಸಿಕೊಡಿ, ‘ಲ್ಲ’ ಆಮೇಲೆ ಬಂದರೂ ಸೊಲ್ಲಾಪುರದವರು ಕಾಯುತ್ತೇವೆ.