ಗರಾನ್ಸ್: ಒಂದು ಬೇರಿನ ಹೆಸರು

ಒಂದು ವರ್ಷ ನನ್ನ ಎಂಟನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಐವರು ಮಂಜುಳೆಯರಿದ್ದರು. ಇನಿಷಿಯಲ್ ಸೇರಿಸಿ ಕೂಗದಿದ್ದರೆ ಐದು ಕಡೆಯಿಂದ ಒಟ್ಟಿಗೆ “ಹಾಜರ್ ಸಾರ್” ಎಂಬ ದನಿ ಏಳುತ್ತಿತ್ತು. ಅಂಥ ತರಗತಿಗಳಲ್ಲಿ ಆಯುಷ್ಯ ಕಳೆದವನಿಗೆ ಅಪರೂಪದ ಹೆಸರೊಂದು ಕಿವಿಗೆ ಬಿದ್ದರೆ ಅದರ ಹಿಂದುಮುಂದು ತಿಳಿಯುವ ಕುತೂಹಲ ಸಹಜವಷ್ಟೆ.

ಈಚೆಗೆ ಫ್ರಾನ್ಸಿನಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಿಂಚಂಚೆ ಬರೆದಿದ್ದಳು. “ಸಾರ್, ನನ್ನ ಮಗಳ ತರಗತಿಯಲ್ಲಿ ಗರಾನ್ಸ್ ಎಂಬ ಹುಡುಗಿ ಇದ್ದಾಳೆ. ಅದು ಯಾವುದೋ ಗಿಡದ ಹೆಸರಂತೆ. ನೀವು ವಿಜ್ಞಾನದ ಮೇಷ್ಟ್ರು, ನಿಮಗೆ ತಿಳಿದಿರಬೇಕು.” ಉತ್ತರ ಬರೆಯಲು ಕುಳಿತೆ. ಅದು ಪತ್ರದ ಅಳತೆಯನ್ನು ಮೀರಿ ಬೆಳೆಯಿತು. ಮಾತ್ರವಲ್ಲ, ಓದುತ್ತ ಹೋದಂತೆ ನನ್ನದೇ ಹಳೆಯ ತಪ್ಪೊಂದು ಎದುರಿಗೆ ಬಂದು ನಿಂತಿತು. ಆದ್ದರಿಂದ ಎಲ್ಲರಿಗೂ ತಿಳಿಯಲೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ಗರಾನ್ಸ್ ಎಂಬುದು ಬಣ್ಣ ಕೊಡುವ ಒಂದು ಸಸ್ಯ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ರೂಬಿಯಾ ಟಿಂಕ್ಟೋರಮ್. ನಮ್ಮ ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ, ಆಯುರ್ವೇದದ ಪಂಡಿತರು ಬಳಸುವ ಮಂಜಿಷ್ಠವು ಇದರ ಒಡಹುಟ್ಟು. ಅದು ರೂಬಿಯಾ ಕಾರ್ಡಿಫೋಲಿಯಾ. ಕಾಫಿಯೂ, ನಮ್ಮ ಬೇಲಿಗಳ ಕೇಪಳವೂ ಇದೇ ಕುಟುಂಬಕ್ಕೆ ಸೇರಿದವು. ಗರಾನ್ಸಿನ ಹೂವು ಸಾಸಿವೆಯಷ್ಟು ಚಿಕ್ಕದು, ಮಾಸಲು ಹಳದಿ. ಯಾರ ಕಣ್ಣಿಗೂ ಬೀಳುವಂಥದಲ್ಲ. ಅದರ ಸಂಪತ್ತೆಲ್ಲ ಮಣ್ಣಿನೊಳಗಿದೆ. ಎರಡು ಮೂರು ವರ್ಷ ಬೆಳೆದ ಬೇರನ್ನು ಅಗೆದು, ಒಣಗಿಸಿ, ಪುಡಿ ಮಾಡಿದರೆ ಗಾಢವಾದ ಕೆಂಪು ದೊರೆಯುತ್ತದೆ. ಫ್ರೆಂಚರಲ್ಲಿ ಗಿಡಕ್ಕೂ ಆ ಕೆಂಪಿಗೂ ಗರಾನ್ಸ್ ಎಂದೇ ಹೆಸರು.

ದಕ್ಷಿಣ ಫ್ರಾನ್ಸಿನ ಅವಿನ್ಯೋನ್ ಸೀಮೆಯಲ್ಲಿ ಈ ಬೆಳೆ ಬೇರೂರಿದ್ದು 18ನೆಯ ಶತಮಾನದಲ್ಲಿ. ಅದಕ್ಕೆ ಕಾರಣನಾದವನು ಝಾನ್ ಆಲ್ತೆನ್ ಎಂಬ ಅರ್ಮೇನಿಯನ್. ಆತ 1774ರಲ್ಲಿ ಬಡವನಾಗಿಯೇ ಕಣ್ಮುಚ್ಚಿದ; ಆತನ ಬೆಳೆಯಿಂದ ಊರುಗಳು ಶ್ರೀಮಂತವಾದವು. ಅಲ್ಲಿನ ಆಲ್ತೆನ್-ದೆ-ಪಾಲ್ಯು ಎಂಬ ಊರು ಇಂದಿಗೂ ಆತನ ಹೆಸರನ್ನು ಹೊತ್ತಿದೆ. 1829ರಲ್ಲಿ ಫ್ರೆಂಚ್ ಪದಾತಿ ಸೈನಿಕರ ಷರಾಯಿಗೆ ಇದೇ ಕೆಂಪನ್ನು ಗೊತ್ತುಮಾಡಲಾಯಿತು. ರೈತನಿಗೆ ಅದಕ್ಕಿಂತ ದೊಡ್ಡ ಗಿರಾಕಿ ಯಾರು?

ಹೀಗೆ ಗರಾನ್ಸ್ ಮನೆಮಾತಾಗಿದ್ದರೂ ಹೆಣ್ಣುಮಗುವಿನ ಹೆಸರಾಗಿರಲಿಲ್ಲ. ಮಹಾಕ್ರಾಂತಿಯ ಕಾಲದಲ್ಲಿ ಫ್ರೆಂಚರು ಸಂತರ ಹೆಸರಿನ ದಿನಗಳನ್ನು ಕೈಬಿಟ್ಟು ಪ್ರತಿದಿನಕ್ಕೂ ಒಂದು ಗಿಡ, ಪ್ರಾಣಿ ಅಥವಾ ಉಪಕರಣದ ಹೆಸರಿಟ್ಟ ಹೊಸ ಪಂಚಾಂಗವನ್ನು ರಚಿಸಿದ್ದರು. ಅದರಲ್ಲಿ ಬ್ರ್ಯುಮೇರ್ ಮಾಸದ ಒಂದು ದಿನ ಗರಾನ್ಸಿನದು. ಆದರೆ 1806ರ ಆರಂಭದಲ್ಲಿ ಆ ಪಂಚಾಂಗವೇ ರದ್ದಾಯಿತು. ಅದಕ್ಕೆ ಮೊದಲೇ, 1803ರಲ್ಲಿ, ಮಕ್ಕಳ ಹೆಸರಿನ ಬಗ್ಗೆ ಒಂದು ಕಾನೂನು ಬಂದಿತ್ತು: ಪಂಚಾಂಗಗಳಲ್ಲಿ ಇರುವ ಹೆಸರು, ಇಲ್ಲವೇ ಪ್ರಾಚೀನ ಇತಿಹಾಸದ ಪ್ರಸಿದ್ಧರ ಹೆಸರು, ಇವೆರಡನ್ನು ಬಿಟ್ಟು ಬೇರೆಯದನ್ನು ಜನನ ನೋಂದಣಿಯ ಅಧಿಕಾರಿ ಬರೆದುಕೊಳ್ಳುವಂತಿಲ್ಲ. ಬಳಕೆಯಲ್ಲಿ ಉಳಿದ ಪಂಚಾಂಗವೆಂದರೆ ಸಂತರದು. ಆದ್ದರಿಂದ ಊರತುಂಬ ಮರೀ ಎಂಬ ಹೆಸರು. ನಮ್ಮ ಮಂಜುಳೆಯರಿಗೆ ರೂಢಿ ಕಾರಣ. ಅವರ ಮರೀಗಳಿಗೆ ರೂಢಿಯೊಡನೆ ಕಾನೂನೂ ಕಾರಣ.

ಈ ನಡುವೆ ಗಿಡದ ಅದೃಷ್ಟ ಕೆಟ್ಟಿತು. ಅವಿನ್ಯೋನಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಝಾನ್ ಆನ್ರಿ ಫಾಬ್ರ್ ಎಂಬ ಭೌತಶಾಸ್ತ್ರದ ಉಪಾಧ್ಯಾಯರಿದ್ದರು. ಮುಂದೆ ಕೀಟಗಳ ಬದುಕನ್ನು ಕುರಿತು ಬರೆದು ಲೋಕಪ್ರಸಿದ್ಧರಾದ ಫಾಬ್ರ್ ಇವರೇ. ದೊಡ್ಡ ಸಂಸಾರ, ಚಿಕ್ಕ ಸಂಬಳ. ಗರಾನ್ಸಿನ ಬೇರಿನಿಂದ ಶುದ್ಧವಾದ ಬಣ್ಣವನ್ನು ಸುಲಭವಾಗಿ ತೆಗೆಯುವ ಉಪಾಯ ಕಂಡುಹಿಡಿದರೆ ಸಂಬಳದ ಹಂಗು ತಪ್ಪಿ ಕೀಟಗಳ ಅಧ್ಯಯನಕ್ಕೆ ಬಿಡುವು ಸಿಗುವುದೆಂದು ಅವರ ಆಸೆ. ಶಾಲೆ ಬಿಟ್ಟ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ, ಯಶಸ್ಸು ಕಂಡು, ಪೇಟೆಂಟುಗಳನ್ನೂ ಪಡೆದರು. ಅಷ್ಟರಲ್ಲಿ, 1868ರಲ್ಲಿ, ಬರ್ಲಿನ್ನಿನ ಗ್ರೇಬೆ ಮತ್ತು ಲೀಬರ್‌ಮನ್ ಎಂಬ ರಸಾಯನಶಾಸ್ತ್ರಜ್ಞರು ಆ ಬೇರಿನ ಮುಖ್ಯ ವರ್ಣದ್ರವ್ಯವಾದ ಅಲಿಜರಿನ್ ಅನ್ನು ಕಲ್ಲಿದ್ದಲ ಟಾರಿನಿಂದ ದೊರೆಯುವ ವಸ್ತುವೊಂದರಿಂದ ತಯಾರಿಸಿಬಿಟ್ಟರು. ಸಸ್ಯದ ಬಣ್ಣವೊಂದನ್ನು ಮನುಷ್ಯ ಪ್ರಯೋಗಶಾಲೆಯಲ್ಲಿ ಮಾಡಿದ್ದು ಅದೇ ಮೊದಲು. ಕೆಲವೇ ವರ್ಷಗಳಲ್ಲಿ ಗರಾನ್ಸಿನ ಹೊಲಗಳು ಬರಿದಾದವು. ಫಾಬ್ರ್ ಅವರ ಶ್ರಮವೂ ಅವುಗಳೊಡನೆ ಹೋಯಿತು.

1914ರ ಆಗಸ್ಟಿನಲ್ಲಿ ಫ್ರೆಂಚ್ ಸೈನಿಕರು ಕೆಂಪು ಷರಾಯಿಯಲ್ಲೇ ಯುದ್ಧಕ್ಕೆ ನಡೆದರು. ಆ ಹೊತ್ತಿಗೆ ಗಿಡವಿರಲಿಲ್ಲ. ಬಣ್ಣ ಕಾರ್ಖಾನೆಯದು, ಆ ಉದ್ಯಮದ ಬಹುಪಾಲು ಶತ್ರುದೇಶವಾದ ಜರ್ಮನಿಯದು. ಶತ್ರುವಿನ ಕಣ್ಣಿಗೆ ಸುಲಭವಾಗಿ ಬೀಳುವ ಆ ಕೆಂಪನ್ನು ಬಿಟ್ಟು, ಮುಂದಿನ ವರ್ಷದೊಳಗೆ ಸೇನೆ ಮಂಕು ನೀಲಿಗೆ ತಿರುಗಿತು.

ಗಿಡವೂ ಹೋಯಿತು, ಷರಾಯಿಯೂ ಹೋಯಿತು. ಉಳಿದದ್ದು ಹೆಸರು ಮಾತ್ರ. ಅದಕ್ಕೆ ಮರುಜೀವ ಕೊಟ್ಟದ್ದು ಒಂದು ಚಲನಚಿತ್ರ. ಜರ್ಮನ್ ಆಕ್ರಮಣದ ಕಾಲದಲ್ಲಿ ಚಿತ್ರೀಕರಣ ಆರಂಭವಾಗಿ 1945ರ ಮಾರ್ಚಿನಲ್ಲಿ ತೆರೆಕಂಡ ಆ ಚಿತ್ರದ ಹೆಸರನ್ನು ಕನ್ನಡದಲ್ಲಿ ‘ಸ್ವರ್ಗದ ಮಕ್ಕಳು’ ಎನ್ನಬಹುದು. ಸ್ವರ್ಗವೆಂದರೆ ಇಲ್ಲಿ ನಾಟಕಶಾಲೆಯ ತೀರ ಮೇಲಿನ ಅಟ್ಟ, ಬಡವರು ಕೂರುವ ಅಗ್ಗದ ಜಾಗ. ನಮ್ಮ ಟೆಂಟ್ ಸಿನಿಮಾದ ಗಾಂಧಿ ಕ್ಲಾಸ್ ಇದ್ದಂತೆ, ಆದರೆ ಮೇಲೆ. ನಿರ್ದೇಶಕ ಮಾರ್ಸೆಲ್ ಕಾರ್ನೆ, ಕಥೆ ಸಂಭಾಷಣೆ ಕವಿ ಝಾಕ್ ಪ್ರೆವೆರ್ ಅವರದು. ನಾಲ್ವರು ಪುರುಷರು ಪ್ರೀತಿಸಿದರೂ ಯಾರ ಸೊತ್ತೂ ಆಗದ ನಾಯಕಿಯೇ ಗರಾನ್ಸ್. ಆ ಪಾತ್ರವನ್ನು ವಹಿಸಿದವರು ಆರ್ಲೆಟಿ. ಕಥೆಯೊಳಗೂ ಅದು ಆಕೆಯ ಹುಟ್ಟುಹೆಸರಲ್ಲ, ಅವಳು ಕ್ಲೇರ್. ಗರಾನ್ಸ್ ಎಂಬುದು ಜನ ಕರೆಯುವ ಹೆಸರು, ಹೂವಿನ ಹೆಸರೆಂದು ಅವಳೇ ಹೇಳಿಕೊಳ್ಳುತ್ತಾಳೆ. ಬಣ್ಣವಿರುವುದು ಹೂವಿನಲ್ಲಲ್ಲ, ಬೇರಿನಲ್ಲಿ ಎಂದು ವಿಜ್ಞಾನದ ಮೇಷ್ಟ್ರಾಗಿ ನಾನು ತಿದ್ದಬಹುದು. ಆದರೆ ತಿದ್ದಲು ಮನಸ್ಸು ಬಾರದು.

ಚಿತ್ರ ಮೆಚ್ಚಿದವರೆಲ್ಲ ಒಡನೆಯೇ ಮಕ್ಕಳಿಗೆ ಆ ಹೆಸರಿಟ್ಟರೆಂದು ತಿಳಿಯಬೇಡಿ. ಹಳೆಯ ಕಾನೂನು ಇನ್ನೂ ಇತ್ತು. 1966ರಲ್ಲಿ ಸರ್ಕಾರವೇ ಅಧಿಕಾರಿಗಳಿಗೆ ಸಡಿಲವಾಗಿ ನಡೆದುಕೊಳ್ಳಲು ಸೂಚಿಸಿತು. 1993ರ ಜನವರಿಯ ಕಾನೂನು ಆಯ್ಕೆಯನ್ನು ತಂದೆತಾಯಿಗಳಿಗೇ ಬಿಟ್ಟಿತು. ಹೆಸರಿನಿಂದ ಮಗುವಿಗೆ ಅಹಿತವಾಗುವಂತಿದ್ದರೆ ಮಾತ್ರ ವಿಷಯ ನ್ಯಾಯಾಧೀಶರ ಮುಂದೆ ಹೋಗುತ್ತದೆ. ಗರಾನ್ಸ್ ಎಂಬ ಹೆಸರು ಹೆಚ್ಚಾಗಿ ಕೇಳಿಬಂದದ್ದು ಈ ಈಚಿನ ದಶಕಗಳಲ್ಲಿ. 2016ರಲ್ಲಿ ‘ಗ್ರಾವ್’ ಎಂಬ ಚಿತ್ರದಿಂದ ಹೆಸರಾದ ನಟಿ ಗರಾನ್ಸ್ ಮಾರಿಯೆ ಆ ಪೀಳಿಗೆಯವರು. ಆದರೂ ಅದು ಒಂದು ತರಗತಿಯಲ್ಲಿ ಐವರಿರುವ ಹೆಸರಾಗಿಲ್ಲ.

ಇಷ್ಟು ಗರಾನ್ಸಿನ ಕಥೆ. ಇನ್ನು ನನ್ನ ತಪ್ಪಿನ ವಿಷಯ.

ಬಣ್ಣದ ಆಸೆ ಮುರಿದ ಅದೇ ದಿನಗಳಲ್ಲಿ ಫಾಬ್ರ್ ಅವರಿಗೆ ಇನ್ನೊಂದು ಪೆಟ್ಟು ಬಿತ್ತು. ಅವರು ಅವಿನ್ಯೋನಿನಲ್ಲಿ ಸಾರ್ವಜನಿಕರಿಗಾಗಿ ಪಾಠ ಹೇಳುತ್ತಿದ್ದರು. ಹೆಣ್ಣುಮಕ್ಕಳೂ ಬಂದು ಕೂರುತ್ತಿದ್ದರು. ಅವರ ಮುಂದೆ ಹೂವಿನ ಪರಾಗಸ್ಪರ್ಶವನ್ನು ವಿವರಿಸಿದ್ದೇ ಅಪರಾಧವಾಯಿತು. ಊರಿನ ಸಂಪ್ರದಾಯಸ್ಥರು ಕೆರಳಿದರು, ಮನೆಯ ಒಡತಿಯರು ಮನೆ ಬಿಡಿಸಿದರು. ಆ ಊರಿನಲ್ಲಿ ಸ್ನೇಹವಾಗಿದ್ದ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಕೊಟ್ಟ ಸಾಲದಿಂದ ಸಂಸಾರವನ್ನು ಬೇರೆ ಊರಿಗೆ ಸಾಗಿಸಬೇಕಾಯಿತು. ಅಷ್ಟಾದರೂ ಅವರು ಹೇಳಬೇಕಾದ ಪಾಠವನ್ನು ಬಿಡಲಿಲ್ಲ.

ನಾನು ಬಿಟ್ಟಿದ್ದೆ. ನನ್ನ ಮೊದಲ ಹತ್ತು ಹನ್ನೆರಡು ವರ್ಷಗಳ ವಿದ್ಯಾರ್ಥಿನಿಯರಿಗೆ ನೆನಪಿರಬಹುದು. ಸಸ್ಯಗಳ ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ ದಾಸವಾಳವನ್ನು ಮೇಜಿನ ಮೇಲಿಟ್ಟು, ಕೇಸರ, ಶಲಾಕೆ ಎಂದು ಚಿತ್ರ ಬರೆದು, “ಉಳಿದದ್ದನ್ನು ಮನೆಯಲ್ಲಿ ಓದಿಕೊಳ್ಳಿ” ಎಂದು ಪುಸ್ತಕ ಮುಚ್ಚುತ್ತಿದ್ದೆ. ಯಾರೂ ನನ್ನನ್ನು ತಡೆದಿರಲಿಲ್ಲ. ಮನೆ ಬಿಡಿಸುವವರೂ ಇರಲಿಲ್ಲ. ಹಿಂದಿನ ಬೆಂಚಿನ ಹುಡುಗರು ಕಿಸಕ್ಕೆಂದಾರು ಎಂಬ ಸಂಕೋಚವೊಂದೇ ಕಾರಣ. ಹುಡುಗಿಯರು ತಲೆ ತಗ್ಗಿಸಿ ಕೂರುತ್ತಿದ್ದರು. ಆ ಪಾಠದಲ್ಲಿ ತಲೆ ತಗ್ಗಿಸುವಂಥದ್ದು ಏನೋ ಇದೆಯೆಂದು ಅವರಿಗೆ ಕಲಿಸಿದವನು ನಾನೇ.

ಪತ್ರ ಬರೆದ ವಿದ್ಯಾರ್ಥಿನಿಯೂ ಆ ತರಗತಿಗಳಲ್ಲಿ ಕುಳಿತವಳೇ. ಅವಳಿಗೆ ಗಿಡದ ವಿವರ ಬರೆದು, ಕೊನೆಯಲ್ಲಿ ಕ್ಷಮೆಯನ್ನೂ ಕೇಳಿದೆ. ಮರುದಿನವೇ ಉತ್ತರ ಬಂತು: “ಸಾರ್, ಆ ಅಧ್ಯಾಯವನ್ನು ನಾವು ಹುಡುಗಿಯರೆಲ್ಲ ಸೇರಿ ಹಾಸ್ಟೆಲಿನಲ್ಲಿ ಓದಿಕೊಂಡೆವು. ಆದರೆ ನೀವು ಹೇಳಿದ್ದರೆ ಚೆನ್ನಾಗಿತ್ತು.”

ಆ ಕೊನೆಯ ಮಾತನ್ನು ಅವಳು ಬರೆದದ್ದು ಒಳ್ಳೆಯದಾಯಿತು.