ಎಣಿಸಿದ ಉಸಿರು

ನಮ್ಮವ್ವ ಸೂಲಗಿತ್ತಿ. ಮೇಲ್ಕೇರಿಯ ಮನೇಲೂ ಹೊಕ್ಕುಳಬಳ್ಳಿ ಕುಯ್ಯೋಕೆ ಅವ್ವನ ಕೈ ಬೇಕು. ಕೂಸು ಅತ್ತಮೇಲೆ ಅದೇ ಕೈಗೆ ನೀರು ಎತ್ತಿ ಹುಯ್ಯೋರು. ಅವ್ವ ಹೇಳೋಳು: 'ಕಪ್ಪು ಕೂಸಿನ ಮೈ ನೋಡಬ್ಯಾಡ ಮಗಾ, ನಾಲಿಗೆ ನೋಡು.' ನರ್ಸಿಂಗ್ ಓದುವಾಗ ಈ ಮಾತಿಗೆ ಮಾರ್ಕ್ಸ್ ಇರಲಿಲ್ಲ.

2016ರ ಒಂದು ರಾತ್ರಿಪಾಳಿ. ಗಾರೆ ಕೆಲಸದ ಮುದುಕ, ನಮ್ಮಂಗೇ ಕರ್ರಗೆ. ಬೆರಳಿಗೆ ಸಿಕ್ಕಿಸಿದ ಯಂತ್ರ 94 ಅಂತಿತ್ತು. ಆದರೆ ಆತ ಮಲಗಲಾರ, ಮಂಚದ ಕಂಬಿ ಹಿಡಿದು ಕೂತಿದ್ದ. ಒಂದು ನಿಮಿಷ ಪೂರ್ತಿ ನಿಂತು ಉಸಿರು ಎಣಿಸಿದೆ: 28. ದೊಡ್ಡವರಿಗೆ 20 ದಾಟಿದರೇ ಎಚ್ಚರ ಬೇಕು. ನಾಲಿಗೆ ನೇರಳೆಹಣ್ಣು ತಿಂದಂಗಿತ್ತು.

ಡಾಕ್ಟರಿಗೆ ಫೋನು ಮಾಡಿದೆ. 'ಸ್ಯಾಚುರೇಶನ್ 94 ಇದೆಯಲ್ರೀ ಸಿಸ್ಟರ್, ಬೆಳಿಗ್ಗೆ ನೋಡೋಣ.' 'ಯಂತ್ರ ಏನಾದ್ರೂ ಹೇಳ್ಲಿ ಸಾರ್, ನೀವು ಈಗಲೇ ಬರಬೇಕು' ಅಂದೆ. ಬಾಯಿ ಒಣಗಿತ್ತು ನನಗೆ. ಬೈಕೊಂಡೇ ಬಂದರು. ಅಪಧಮನಿಯ ರಕ್ತ ತೆಗೆದು ನೋಡಿದರೆ 86. ಆಕ್ಸಿಜನ್ ಹಾಕಿದೆವು. ಮುದುಕ ಬದುಕಿದ.

2020ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಕೊಟ್ಟರು: ಯಂತ್ರ 92ರಿಂದ 96 ತೋರಿಸುವಾಗಲೂ ರಕ್ತದಲ್ಲಿ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯರಲ್ಲಿ ನೂರಕ್ಕೆ 3.6, ಕರಿಯರಲ್ಲಿ 11.7. ಚರ್ಮದ ಕಪ್ಪು ಬೆಳಕನ್ನು ನುಂಗಿ ಲೆಕ್ಕ ತಪ್ಪಿಸುತ್ತದಂತೆ. ಯಂತ್ರಕ್ಕೆ ಜಾತಿ ಗೊತ್ತಿಲ್ಲ, ನಿಜ. ಅದನ್ನು ಯಾರ ಬೆರಳಿಗೆ ಅಳೆದು ಮಾಡಿದರೋ!

ಆ ರಾತ್ರಿಯ ಉಳಿದ ಚಾರ್ಟುಗಳೂ ಕಣ್ಮುಂದಿವೆ. ಅಕ್ಕಪಕ್ಕದ ಹಾಸಿಗೆಗಳ ಉಸಿರು ನನ್ನದೇ ಅಕ್ಷರದಲ್ಲಿ: 20, 20, 20. ಅವನ್ನು ನಾನು ಎಣಿಸಿರಲಿಲ್ಲ.