ಟ್ರಿನಿಟಿಯಲ್ಲಿ ಇಳಿಯುವವರು

ಹಲಸೂರು ದಾಟುತ್ತಿದ್ದಂತೆ ನಮ್ಮ ಮೆಟ್ರೊ ರೈಲು ದಿನವೂ ಒಂದು ದೊಡ್ಡ ಧರ್ಮಸೂಕ್ಷ್ಮವನ್ನು ಘೋಷಿಸುತ್ತದೆ: ಮುಂದಿನ ನಿಲ್ದಾಣ ಟ್ರಿನಿಟಿ. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬ್ಯಾಗು ಹೆಗಲಿಗೇರಿಸಿ ಬಾಗಿಲ ಕಡೆ ಸರಿಯುತ್ತಾರೆ, ಅಷ್ಟೆ.

ಒಮ್ಮೆ ಮಾತ್ರ ಒಬ್ಬ ಪುಟ್ಟ ಹುಡುಗ ತಲೆ ಕೆಡಿಸಿಕೊಂಡ. "ಅಮ್ಮಾ, ಟ್ರಿನಿಟಿ ಅಂದ್ರೇನು?" "ಸ್ಟೇಷನ್ ಕಣೋ, ಸುಮ್ನಿರು" ಎಂದಳು ತಾಯಿ. ಉತ್ತರ ಸರಿಯಾಗಿಯೇ ಇತ್ತು. ಆದರೆ ಎದುರು ಸೀಟಿನ ಹಿರಿಯರು ಬಿಡಲಿಲ್ಲ. "ಹಾಗಲ್ಲಮ್ಮ, ಅದು ಕ್ರಿಶ್ಚಿಯನ್ನರ ದೇವರು. ನೋಡು ಮರಿ, ನೀರು, ಐಸು, ಹಬೆ ಮೂರೂ ಒಂದೇ ತಾನೇ? ಹಾಗೆ." ಹುಡುಗ ತಲೆಯಾಡಿಸಿದ. ಹಿಡಿಕೆ ಹಿಡಿದು ನಿಂತಿದ್ದ ನನಗೆ ಮಾತ್ರ ಆ ಐಸು ಎಂ.ಜಿ. ರಸ್ತೆ ದಾಟಿದರೂ ಕರಗಲಿಲ್ಲ.

ಈ ನೀರು-ಐಸಿನ ಉದಾಹರಣೆಗೆ ಚರ್ಚಿನ ಕಡತದಲ್ಲಿ ಹಳೆಯ ಕೇಸೊಂದಿದೆ. ಮೂರನೇ ಶತಮಾನದ ಆರಂಭದಲ್ಲಿ ರೋಮಿನಲ್ಲಿದ್ದ ಸಬೆಲ್ಲಿಯಸ್ ಎಂಬಾತನ ಹೆಸರಿಗೆ ಅಂಟಿಕೊಂಡ ವಾದವೂ ಹೆಚ್ಚುಕಡಿಮೆ ಇದೇ. ದೇವರು ಒಬ್ಬನೇ, ಹೊತ್ತಿಗೆ ತಕ್ಕಂತೆ ತಂದೆಯ ವೇಷ, ಮಗನ ವೇಷ, ಪವಿತ್ರಾತ್ಮನ ವೇಷ ಹಾಕುತ್ತಾನೆ ಎಂಬುದು. ಪೋಪ್ ಕಲಿಸ್ಟಸ್ ಆತನನ್ನು ಸಭೆಯಿಂದ ಹೊರಗೆ ಹಾಕಿದರು. ಕಾರಣ ಸರಳ. ನೀರೇ ಐಸಾಗುವುದಾದರೆ, ಗೆತ್ಸೆಮನೆ ತೋಟದಲ್ಲಿ ಯೇಸು ಮೊಣಕಾಲೂರಿ ಬೇಡಿಕೊಂಡದ್ದು ಯಾರನ್ನು? ತನ್ನನ್ನೇ ಕೇಳಿಕೊಂಡು ತಾನೇ ಸುಮ್ಮನಿದ್ದನೇ?

ಬೇರೆ ಉದಾಹರಣೆಗಳ ಗತಿಯೂ ಹೀಗೇ. ಮೊಟ್ಟೆಯ ಚಿಪ್ಪು, ಲೋಳೆ, ಹಳದಿ ಎಂದರೆ ದೇವರನ್ನು ಮೂರು ಪಾಲು ಮಾಡಿದಂತೆ. ಸಂತ ಪ್ಯಾಟ್ರಿಕ್ ಐರ್ಲೆಂಡಿನಲ್ಲಿ ಮೂರೆಲೆಯ ಸೊಪ್ಪು ಹಿಡಿದು ವಿವರಿಸಿದರು ಎಂಬ ಕಥೆ ಚೆನ್ನಾಗಿದೆ. ಆದರೆ ಪ್ಯಾಟ್ರಿಕ್ ಇದ್ದದ್ದು ಐದನೇ ಶತಮಾನದಲ್ಲಿ, ಕಥೆ ಬರಹದಲ್ಲಿ ಕಾಣಿಸಿಕೊಳ್ಳುವುದು ಹದಿನೆಂಟನೇ ಶತಮಾನದಲ್ಲಿ. ಪೆಂತೆಕೋಸ್ತ್ ಹಬ್ಬದ ಮರುವಾರ ಬರುವ ತ್ರಿತ್ವದ, ಅಂದರೆ ಟ್ರಿನಿಟಿಯ, ಭಾನುವಾರ ಪ್ರವಚನಕ್ಕೆ ನಿಲ್ಲುವ ಗುರುಗಳ ಕಷ್ಟ ದೇವರಿಗೇ ಪ್ರೀತಿ. ಬಾಯಿ ತೆರೆದು ಒಂದು ಉಪಮೆ ಕೊಟ್ಟರೆ ಸಾಕು, ಅದಕ್ಕೊಂದು ಪಾಷಂಡದ ಹೆಸರು ಸಿದ್ಧವಾಗಿರುತ್ತದೆ.

ನಮ್ಮ ಕಡೆ ಇನ್ನೂ ಸುಲಭದ ದಾರಿಯಿದೆ. "ಬ್ರಹ್ಮ, ವಿಷ್ಣು, ಮಹೇಶ್ವರ ಇಲ್ವೇ, ಹಾಗೇ" ಎಂದರಾಯಿತು. ಸೌಹಾರ್ದಕ್ಕೆ ಇದು ಒಳ್ಳೆಯದೇ, ಲೆಕ್ಕಕ್ಕೆ ಮಾತ್ರ ತಾಳೆಯಾಗುವುದಿಲ್ಲ. ತ್ರಿಮೂರ್ತಿಗಳಿಗೆ ಸೃಷ್ಟಿ, ಸ್ಥಿತಿ, ಲಯ ಎಂದು ಖಾತೆ ಹಂಚಿಕೆಯಾಗಿದೆ. ಕ್ರೈಸ್ತರ ಮೂವರಿಗೆ ಖಾತೆಗಳಿಲ್ಲ, ಇರುವುದು ನಂಟು. ಮಗನಿಲ್ಲದೆ ಯಾರೂ ತಂದೆ ಎನಿಸಿಕೊಳ್ಳುವುದಿಲ್ಲ. ಹಾಗಾಗಿ ಅನಾದಿ ಕಾಲದಿಂದ ತಂದೆಯಾಗಿರುವವನಿಗೆ ಅನಾದಿ ಕಾಲದಿಂದಲೂ ಮಗನಿರಬೇಕು. ನಾಲ್ಕನೇ ಶತಮಾನದ ಜಗಳವೆಲ್ಲ ಈ ಒಂದು ಎಳೆಯ ಮೇಲೆಯೇ ನಿಂತಿತ್ತು. ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್ ಮಗನಿಗೆ ಒಂದು ಆರಂಭವಿತ್ತು ಎಂದ. ಅದನ್ನು ಹಾಡು ಕಟ್ಟಿ ನಾವಿಕರ ಬಾಯಿಗೂ ಹಾಕಿದ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯಕ್ಕೆ ಬಿಷಪ್ಪರನ್ನು ಕರೆಸಿ ಏರಿಯಸ್‌ನ ಮಾತನ್ನು ತಳ್ಳಿಹಾಕಿಸಿದರೂ ಗಲಾಟೆ ನಿಲ್ಲಲಿಲ್ಲ. ಅರ್ಧ ಶತಮಾನದ ನಂತರವೂ ಕಾನ್‌ಸ್ಟಂಟಿನೋಪಲ್ಲಿನಲ್ಲಿ ರೊಟ್ಟಿಯ ಬೆಲೆ ಕೇಳಿದರೆ ತಂದೆ ದೊಡ್ಡವನು, ಮಗ ಚಿಕ್ಕವನು ಎಂಬ ಉತ್ತರ ಬರುತ್ತಿತ್ತೆಂದು ನಿಸ್ಸದ ಗ್ರೆಗೊರಿ ಬೇಸರಪಟ್ಟಿದ್ದಾರೆ. ಚುನಾವಣೆಯ ಹೊತ್ತಿನ ನಮ್ಮ ಟೀ ಅಂಗಡಿಗಳನ್ನು ನೋಡಿದವರಿಗೆ ಆ ಪೇಟೆ ಕಣ್ಣಿಗೆ ಕಟ್ಟುತ್ತದೆ.

ಈ ಹೆಸರುಗಳ ವಿಷಯದಲ್ಲಿ ರೋಮ್ ಇಂದಿಗೂ ಬಿಗಿ. ತಂದೆ, ಮಗ ಎಂಬ ಗಂಡು ಹೆಸರುಗಳು ಬೇಡವೆಂದು ಕೆಲವೆಡೆ "ಸೃಷ್ಟಿಕರ್ತ, ವಿಮೋಚಕ, ಪಾವನಗೊಳಿಸುವಾತ" ಎಂಬ ಹೆಸರಿನಲ್ಲಿ ದೀಕ್ಷಾಸ್ನಾನ ಕೊಡತೊಡಗಿದ್ದರು. ಅದು ಸಲ್ಲದು, ಹಾಗೆ ನೀರು ಹಾಕಿಸಿಕೊಂಡವರು ಮತ್ತೆ ಸ್ನಾನ ಪಡೆಯಬೇಕು ಎಂದು ವ್ಯಾಟಿಕನ್ 2008ರಲ್ಲಿ ಹೇಳಿತು. ಅವು ಕೆಲಸದ ಹೆಸರುಗಳು, ಮನೆಯ ಹೆಸರುಗಳಲ್ಲ. ಅದೇ ವರ್ಷ ಹೊರಟ ಇನ್ನೊಂದು ಸೂಚನೆ, ಯೆಹೂದಿಗಳು ಉಚ್ಚರಿಸದೆ ಕಾಪಾಡಿಕೊಂಡು ಬಂದ ನಾಲ್ಕಕ್ಷರದ ನಾಮವನ್ನು ಪೂಜೆಯ ಹಾಡುಗಳಲ್ಲಿ ಬಳಸಬೇಡಿ ಎಂದಿತು. ಕನ್ನಡದ ಕಥೋಲಿಕರಿಗೆ ಅದರಿಂದ ತೊಂದರೆಯೇನೂ ಆಗಲಿಕ್ಕಿಲ್ಲ. ಪ್ರೊಟೆಸ್ಟೆಂಟರ ಬೈಬಲ್ಲಿನಲ್ಲಿ "ಯೆಹೋವ" ಇದ್ದಲ್ಲಿ ಅವರದರಲ್ಲಿ "ಸರ್ವೇಶ್ವರ" ಇದೆ.

ಪಿತ, ಸುತ, ಪವಿತ್ರಾತ್ಮ ಎಂದು ಹಣೆ, ಎದೆ, ಹೆಗಲು ಮುಟ್ಟಿಕೊಳ್ಳುವ ಅಜ್ಜಿಗೆ ಉಪಮೆ ಬೇಕಿಲ್ಲ. ಉಪಮೆ ಬೇಕಾಗುವುದು ವಾದಕ್ಕೆ ಕೂತವರಿಗೆ. ಹಾಗೆ ಕೂತವರ ಕಥೆಗಳಲ್ಲಿ ಅತ್ಯಂತ ಸ್ವಾರಸ್ಯದ್ದು ನಡೆದದ್ದು ನಮ್ಮದೇ ದೇಶದಲ್ಲಿ, ಕಲ್ಕತ್ತೆಯಲ್ಲಿ.

1820ರಲ್ಲಿ ರಾಮಮೋಹನ ರಾಯರು ಯೇಸುವಿನ ಉಪದೇಶಗಳನ್ನಷ್ಟೇ ಆರಿಸಿ ಒಂದು ಪುಸ್ತಕ ಪ್ರಕಟಿಸಿದರು. ಪವಾಡ, ಸಿದ್ಧಾಂತ, ತ್ರಿತ್ವ ಯಾವುದೂ ಅದರಲ್ಲಿರಲಿಲ್ಲ. ಹಿಂದೂವೊಬ್ಬ ಯೇಸುವನ್ನು ಇಷ್ಟು ಮೆಚ್ಚಿ ಬರೆದದ್ದಕ್ಕೆ ಶ್ರೀರಾಮಪುರದ ಬ್ಯಾಪ್ಟಿಸ್ಟ್ ಮಿಷನರಿಗಳು ಸಿಹಿ ಹಂಚಬೇಕಿತ್ತು. ಬದಲಿಗೆ ಜೋಶುವ ಮಾರ್ಷ್‌ಮನ್ ಜಗಳಕ್ಕೇ ನಿಂತರು. ರಾಯರು ಬಿಡುವ ಕುಳವಲ್ಲ. ಹೀಬ್ರೂ, ಗ್ರೀಕ್ ಮೂಲಗಳನ್ನೇ ಮುಂದಿಟ್ಟುಕೊಂಡು ಒಂದರ ಹಿಂದೊಂದು ಮನವಿ ಬರೆದರು. ನಮ್ಮ ಅನೇಕ ದೇವರುಗಳನ್ನು ಆಡಿಕೊಳ್ಳುವವರು ಮೂವರನ್ನು ಹೇಗೆ ಸಮರ್ಥಿಸುತ್ತೀರಿ ಎಂಬುದು ಅವರ ವಾದದ ಒಟ್ಟು ಧಾಟಿ.

ಇದರ ನಡುವೆಯೇ ಇನ್ನೊಂದು ಕೆಲಸ ಸಾಗಿತ್ತು. ವಿಲಿಯಂ ಯೇಟ್ಸ್, ವಿಲಿಯಂ ಆಡಮ್ ಎಂಬಿಬ್ಬರು ಬ್ಯಾಪ್ಟಿಸ್ಟ್ ಮಿಷನರಿಗಳು ರಾಯರ ಜೊತೆ ಕೂತು ಸುವಾರ್ತೆಗಳನ್ನು ಬಂಗಾಳಿಗೆ ತರುತ್ತಿದ್ದರು. ಆಡಮ್ ಸ್ಕಾಟ್‌ಲೆಂಡಿನ ಡನ್‌ಫರ್ಮ್‌ಲಿನ್ ಊರಿನವರು, ಇನ್ನೂ ಇಪ್ಪತ್ತೈದರ ಆಸುಪಾಸಿನ ತರುಣ. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಗಾಡಿ ನಿಂತಿತು. ಸಮಸ್ತವೂ ಮಗನಿಂದ ಆಯಿತೋ, ಮಗನ ಮೂಲಕ ಆಯಿತೋ? ಮೊದಲನೆಯದಾದರೆ ಮಗನೇ ಕರ್ತೃ. ಎರಡನೆಯದಾದರೆ ಹಿಂದೆ ಇನ್ನೊಬ್ಬನಿದ್ದಾನೆ, ಮಗ ಅವನ ಕೈ. ಇಬ್ಬರು ಮಿಷನರಿಗಳೂ ವ್ಯಾಕರಣ ನೋಡಿ ಎರಡನೆಯದಕ್ಕೆ ಒಪ್ಪಿದರು. ಆಮೇಲೆ ಯೇಟ್ಸ್‌ಗೆ ಅಳುಕು ಹತ್ತಿತು. ಇದರಲ್ಲಿ ಏರಿಯಸ್‌ನ ವಾಸನೆ ಇದೆಯಲ್ಲ ಎನ್ನಿಸಿ ಹಿಂದೆ ಸರಿದರು. ಇಬ್ಬರೂ ಹೀಗೆ ಹಗ್ಗ ಜಗ್ಗುತ್ತಿದ್ದಾಗ ರಾಯರು ಲೇಖನಿ ಹಿಡಿದು ಒಂದೂ ಮಾತಾಡದೆ ನೋಡುತ್ತ ಕೂತಿದ್ದರೆಂದು ಮುಂದೆ ಆಡಮ್ಮರೇ ನೆನೆದಿದ್ದಾರೆ. ಪಾದ್ರಿಗಳಿಬ್ಬರು ತಮ್ಮ ದೇವರ ಬಗ್ಗೆ ಜಗಳವಾಡುವಾಗ ಬಂಗಾಳಿ ಬ್ರಾಹ್ಮಣನ ಮುಖದಲ್ಲಿ ಎಂಥ ಗಾಂಭೀರ್ಯ ಇದ್ದಿರಬೇಡ!

ಯೇಟ್ಸ್ ಹೋದರು, ಆಡಮ್ ಉಳಿದರು. ಉಳಿದವರು ಯೋಚಿಸುತ್ತ ಯೋಚಿಸುತ್ತ 1821ರಲ್ಲಿ ತ್ರಿತ್ವವನ್ನೇ ಕೈಬಿಟ್ಟು, ದೇವರು ಒಬ್ಬನೇ ಎನ್ನುವ ಯುನಿಟೇರಿಯನ್ ಆದರು. ರಾಯರನ್ನು ಕ್ರೈಸ್ತರನ್ನಾಗಿಸಲು ಹೋದವರು ರಾಯರ ದಾರಿಗೆ ಬಂದರು! ಕಲ್ಕತ್ತೆಯ ಸಂಪ್ರದಾಯಸ್ಥ ಕ್ರೈಸ್ತರು ಕುದಿದು ಹೋದರು. ಅವರು ಆಡಮ್ಮರಿಗಿಟ್ಟ ಅಡ್ಡಹೆಸರು "ಪತನಗೊಂಡ ಎರಡನೇ ಆದಾಮ". ಹೆಸರು ಇಷ್ಟು ಸಲೀಸಾಗಿ ಒದಗಿಬಂದ ಮೇಲೆ ಬೈಯುವವರ ಕೆಲಸ ಹಗುರವಾಗುತ್ತದೆ. ರಾಯರ ಮೂರನೆಯ ಮನವಿಯನ್ನು ಅಚ್ಚು ಹಾಕುವುದಿಲ್ಲವೆಂದು ಬ್ಯಾಪ್ಟಿಸ್ಟ್ ಮಿಷನ್ ಪ್ರೆಸ್ ಕೈ ಎತ್ತಿತು. ರಾಯರು ಅಚ್ಚುಮೊಳೆ ಕೊಂಡು, ಮೊಳೆ ಜೋಡಿಸುವವರನ್ನಿಟ್ಟುಕೊಂಡು, ಧರ್ಮತಲಾದಲ್ಲಿ ಸ್ವಂತ ಪ್ರೆಸ್ ಹಾಕಿ 1823ರಲ್ಲಿ ಅದನ್ನು ಹೊರತಂದರು.

ಪಾಪ ಆಡಮ್ ಮಾತ್ರ ಎಲ್ಲಿಯೂ ಸಲ್ಲಲಿಲ್ಲ. ಅವರ ಯುನಿಟೇರಿಯನ್ ಪ್ರಾರ್ಥನೆಗೆ ಬರುತ್ತಿದ್ದವರು ಬೆರಳೆಣಿಕೆಯಷ್ಟು. ಅಲ್ಲಿಂದ ಮನೆಗೆ ಮರಳುವಾಗ, ಬೇರೆಯವರ ಪ್ರಾರ್ಥನೆಗೆ ನಾವೇಕೆ ಹೋಗಬೇಕು, ನಮ್ಮದೇ ಒಂದು ಇರಲಿ ಎಂದು ರಾಯರ ಶಿಷ್ಯರು ಹೇಳಿದರಂತೆ. 1828ರಲ್ಲಿ ಬ್ರಹ್ಮಸಭೆ ಹುಟ್ಟಿತು, ಆಡಮ್ಮರ ಬೆಂಚುಗಳು ಖಾಲಿಯಾದವು. ದೇವರು ಒಬ್ಬನೋ ಮೂವರೋ ಎಂಬ ಲೆಕ್ಕದಲ್ಲಿ ಕೆಲಸ ಕಳೆದುಕೊಂಡವರಿಗೆ ಸರ್ಕಾರ ಕೊನೆಗೆ ಎಣಿಸುವ ಕೆಲಸವನ್ನೇ ಕೊಟ್ಟಿತು: ಬಂಗಾಳ, ಬಿಹಾರಗಳಲ್ಲಿ ಶಾಲೆಗಳು ಎಷ್ಟಿವೆ ನೋಡಿ. 1835ರ ವರದಿಯಲ್ಲಿ ಅವರು ಒಂದು ಲಕ್ಷವಿರಬಹುದು ಎಂದು ಬರೆದರು. ಆ ಸಂಖ್ಯೆಯ ಮೇಲೂ ಜಗಳವಾಯಿತು. ಗಾಂಧೀಜಿಗೂ ಫಿಲಿಪ್ ಹಾರ್ಟಾಗ್ ಎಂಬ ಆಂಗ್ಲ ಶಿಕ್ಷಣತಜ್ಞರಿಗೂ ಭಾರತದ ಹಳೆಯ ಶಾಲೆಗಳ ಬಗ್ಗೆ 1931ರಲ್ಲಿ ಹತ್ತಿಕೊಂಡ ವಾದದಲ್ಲಿ ಅದೂ ಎದ್ದು ಬಂತು, ಇತಿಹಾಸಕಾರರು ಇನ್ನೂ ಬಿಟ್ಟಿಲ್ಲ.